ಮೂರು ನಿಮಿಷದ ಗಂಟೆ

ಸಾನ್ ರೋಕೆಯ ಹಬ್ಬಕ್ಕೆ ಬಾಕ್ಸಿಂಗ್ ಬೇಕೋ ಬೇಡವೋ ಎಂಬ ಮಾತು ಎದ್ದದ್ದು ಆ ವರ್ಷವೇ ಮೊದಲು. ಅದನ್ನು ಎತ್ತಿದವನು ಊರಿನ ಮುಖ್ಯಸ್ಥ ಕಾಪ್ ನಾರ್ಸಿಸೋ. ಚಿಕ್ಕಂದಿನಲ್ಲಿ ಅದೇ ಬಾಕ್ಸಿಂಗ್ ನೋಡಲು ಅಪ್ಪನ ಹೆಗಲೇರಿ ಬರುತ್ತಿದ್ದ ಮನುಷ್ಯ! ಪಂದ್ಯಗಳಿಗೆ ಗಂಟೆ ಹೊಡೆಯುವ ಸಾಲ್ವಾಳಿಗೆ ಮೈಯೆಲ್ಲ ಉರಿದುಹೋಯಿತು. ಅವತ್ತೇ ಅವನ ಕಚೇರಿಗೆ ಹೋದಳು.

"ಹೋದ ವರ್ಷ ಎಷ್ಟು ಜನ ಬಂದಿದ್ರು ಹೇಳಿ ನಾಂಗ್," ಎಂದ ಕಾಪ್. ಊರಿಗೆಲ್ಲ ಅವಳು ಅಕ್ಕ, ನಾಂಗ್ ಸಾಲ್ವಾ. "ನಾನೇ ಎಣಿಸಿದೀನಿ. ನಲವತ್ತೊಂದು. ಅದ್ರಲ್ಲೂ ಹತ್ತು ಹನ್ನೆರಡು ಜನ ಬಿಸಿಲು ತಡೀಲಾರ್ದೆ ನೆರಳಿಗೆ ಬಂದು ಕೂತೋರು."

"ನಾಯಿಗಳನ್ನ ಸೇರಿಸ್ಕೊಂಡು ಎಣಿಸಿದ್ಯೋ, ಬಿಟ್ಟು ಎಣಿಸಿದ್ಯೋ?"

ಕಾಪ್ ನಕ್ಕ. "ಬೈಕೊಳ್ಳಿ, ಪರವಾಗಿಲ್ಲ. ಆದ್ರೆ ಮೂರು ನಿಮಿಷ ಒಂದೇ ಕಡೆ ಕಣ್ಣಿಟ್ಟು ಕೂರೋಕೆ ಈಗ ಯಾರಿಗಾಗತ್ತೆ? ನನ್ನ ಮಗ ಅರ್ಧ ನಿಮಿಷದ ವಿಡಿಯೋನೂ ಓಡ್ಸಿ ಓಡ್ಸಿ ನೋಡ್ತಾನೆ. ಈ ಸಲ ಅಂಗಳ ತುಂಬಿದ್ರೆ ಮುಂದಿನ ವರ್ಷಾನೂ ಬಾಕ್ಸಿಂಗ್ ಇರತ್ತೆ. ಇಲ್ದಿದ್ರೆ ಆ ಹೊತ್ತು ಡಾನ್ಸ್ ಸ್ಪರ್ಧೆಗೆ."

ಅಂಗಳ ತುಂಬುವ ದಾರಿಯನ್ನೂ ಅವನೇ ಹುಡುಕಿಟ್ಟಿದ್ದ. ಫೋನಿನಲ್ಲಿ ವಿಡಿಯೋ ಹಾಕುವ ಬಾಸ್ ಟಿಕೋಯ್ ಎಂಬ ಹುಡುಗ. ಮೆಣಸಿನಕಾಯಿ ತಿನ್ನುವುದು, ಹೆಂಗಸರ ವೇಷ ಹಾಕುವುದು, ಕೆಸರಿನಲ್ಲಿ ಹೊರಳುವುದು, ಇವೇ ಅವನ ವಿದ್ಯೆಗಳು. ಅವನನ್ನು ಮೆಚ್ಚುವವರು ಎಂಟು ಲಕ್ಷ ಜನ. ಅವನು ಬಂದು ಊರಿನ ಬಾಕ್ಸರ್ ರೇನಾಂಟೆಯ ಜೊತೆ ಮೂರು ಸುತ್ತು ಆಡುತ್ತಾನಂತೆ. ರೇನಾಂಟೆ ಜೋರಾಗಿ ಹೊಡೆಯಬಾರದಂತೆ, ಅಷ್ಟೇ.

ಸಾಲ್ವಾ ಒಪ್ಪಿಕೊಂಡಳು. ಬೇರೆ ಏನು ಮಾಡಬಹುದಿತ್ತು? ನಮ್ಮ ದೇಶದ ದೊಡ್ಡ ಚಾಂಪಿಯನ್ ಆಡುತ್ತಿದ್ದ ಕಾಲದಲ್ಲಿ, ಅವನ ಪಂದ್ಯ ಟೀವಿಯಲ್ಲಿ ಬರುವ ಭಾನುವಾರಗಳಂದು ಊರಿನಲ್ಲಿ ಬಾಡಿಗೆಯ ಒಂದು ಟ್ರೈಸಿಕಲ್ಲೂ ಓಡುತ್ತಿರಲಿಲ್ಲ, ಪಾದ್ರಿಗಳೇ ಪ್ರವಚನವನ್ನು ಮೊಟಕು ಮಾಡುತ್ತಿದ್ದರು. ಮಾರನೆಯ ದಿನ ಅವಳ ಗಂಡ ಮೆಲ್ಚೋರನ ತಗಡಿನ ಶೆಡ್ಡಿನ ಮುಂದೆ ಬಾಕ್ಸಿಂಗ್ ಕಲಿಯಲು ಹುಡುಗರು ಸಾಲುಗಟ್ಟುತ್ತಿದ್ದರು. ಚಾಂಪಿಯನ್ನಿಗೆ ವಯಸ್ಸಾಯಿತು. ಪಂದ್ಯಗಳು ದುಡ್ಡು ಕಟ್ಟಿದವರಿಗೆ ಮಾತ್ರ ಕಾಣುವ ಚಾನೆಲ್ಲುಗಳಿಗೆ ಹೋದವು. ಹುಡುಗರು ಬಾಸ್ಕೆಟ್‌ಬಾಲಿಗೆ, ಆಮೇಲೆ ಫೋನಿನ ಆಟಕ್ಕೆ ಹೋದರು. ಮಗನ ಮೂಗು ಮುರಿಸಲು ಯಾವ ತಾಯಿ ತಾನೇ ಕಳಿಸುತ್ತಾಳೆ? ಉಳಿದವನು ಕಬ್ಬು ಕಡಿಯುವವರ ಮಗ ರೇನಾಂಟೆ ಒಬ್ಬನೇ. ಹದಿನಾಲ್ಕು ಪಂದ್ಯ ಆಡಿ ಹದಿನಾಲ್ಕನ್ನೂ ಗೆದ್ದವನು. ಅವನ ಹೆಸರು ಪಕ್ಕದ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಸಾಲ್ವಾಳ ಕೆಲಸ ಗಂಟೆಯದು. ಮೂವತ್ತೊಂದು ವರ್ಷದಿಂದ ಅಂಕಣದ ಪಕ್ಕದ ಮೇಜಿನಲ್ಲಿ ಗಡಿಯಾರ ಹಿಡಿದು ಕೂತಿದ್ದಾಳೆ. ಒಂದೊಂದು ಸುತ್ತಿಗೂ ಮೂರು ನಿಮಿಷ. ಕೊನೆಯ ಹತ್ತು ಸೆಕೆಂಡು ಉಳಿದಾಗ ಮರದ ತುಂಡು ತಟ್ಟುವುದು, ಆಮೇಲೆ ಗಂಟೆ ಹೊಡೆಯುವುದು. ಒಂದು ಸೆಕೆಂಡು ಹಿಂದಿಲ್ಲ, ಮುಂದಿಲ್ಲ. ಅದರಲ್ಲೇನು ಮಹಾ ಎನ್ನುವವರಿಗೆ ಹನ್ನೆರಡು ವರ್ಷದ ಹಿಂದಿನ ಕಥೆ ಗೊತ್ತಿಲ್ಲ.

ಅವತ್ತು ಅದೇ ಅಂಗಳದಲ್ಲಿ ಆಡುತ್ತಿದ್ದವನು ಮೆಲ್ಚೋರ್. ಅದೇ ಅವನ ಕೊನೆಯ ಪಂದ್ಯ, ಕೊನೆಯ ಸುತ್ತು. ಅಂಕದಲ್ಲಿ ಮುಂದಿದ್ದ, ಆದರೆ ಕಾಲು ಸೋತಿತ್ತು. ಸಾಲ್ವಾ ಮರ ತಟ್ಟಿದಳು. ಉಳಿದ ಹತ್ತು ಸೆಕೆಂಡಿನಲ್ಲಿ ಅವನ ತಲೆಗೆ ಐದು ಏಟು ಬಿದ್ದವು. ಸುತ್ತಿಗೆ ಅವಳ ಕೈಯಲ್ಲಿತ್ತು, ಗಂಟೆ ಗೇಣು ದೂರದಲ್ಲಿತ್ತು. ಎರಡನೆಯ ಏಟಿಗೇ ಹೊಡೆದಿದ್ದರೆ ಯಾರು ಕೇಳುತ್ತಿದ್ದರು? ಅವಳು ಹೊಡೆಯಲಿಲ್ಲ. ಸರಿಯಾಗಿ ಮೂರು ನಿಮಿಷಕ್ಕೆ ಹೊಡೆದಳು. ಮೆಲ್ಚೋರ್ ಗೆದ್ದ. ಎದುರಾಳಿಯ ತರಬೇತುದಾರ ಮೇಜಿನ ಬಳಿ ಬಂದು, "ಗಂಡ ಏಟು ತಿನ್ತಿದ್ರೂ ಒಂದು ಸೆಕೆಂಡ್ ಕದೀಲಿಲ್ವಲ್ಲ ತಾಯಿ," ಎಂದು ಕೈಮುಗಿದ.

ಆ ವರ್ಷವೇ ಮೆಲ್ಚೋರನ ಕೈ ನಡುಗತೊಡಗಿತು, ಮಾತು ತೊದಲತೊಡಗಿತು. ಈಗ ಊಟ ಮಾಡಿದ್ದೂ ನೆನಪಿರುವುದಿಲ್ಲ. ಗಂಟೆ ಸುಳ್ಳಾಡಲಿಲ್ಲ, ಹಾಗಾಗಿ ಗಂಡನಿಗೆ ಆದದ್ದು ವ್ಯರ್ಥವಲ್ಲ. ಈ ಒಂದು ನಂಬಿಕೆಯನ್ನು ಹಿಡಿದುಕೊಂಡು ಸಾಲ್ವಾ ಹನ್ನೆರಡು ವರ್ಷ ಅವನಿಗೆ ತುತ್ತು ಕೊಟ್ಟಿದ್ದಾಳೆ, ಬಟ್ಟೆ ಹಾಕಿದ್ದಾಳೆ.

ಹಬ್ಬದ ಮಧ್ಯಾಹ್ನ ಮೂರಕ್ಕೆಲ್ಲ ಅಂಗಳದಲ್ಲಿ ಎಳ್ಳು ಚೆಲ್ಲಿದರೂ ನೆಲಕ್ಕೆ ಬೀಳದಷ್ಟು ಜನ. ಸಾಲ್ವಾ ಎಂದಿನಂತೆ ಮೆಲ್ಚೋರನನ್ನು ತನ್ನ ಮೇಜಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದಳು. ಮೊದಲ ಎರಡು ಪಂದ್ಯ ನಿಜವಾದವು. ದೂರದ ಊರುಗಳಿಂದ ಬಂದ ಹುಡುಗರು ಚೆನ್ನಾಗಿಯೇ ಆಡಿದರು. ನೋಡಿದವರು ಯಾರು? ಎಲ್ಲರ ತಲೆಯೂ ಫೋನಿನ ಮೇಲೆ ಬಾಗಿತ್ತು. "ಬಾಸ್ ಟಿಕೋಯ್ ಎಷ್ಟೊತ್ತಿಗೆ ಬರ್ತಾನೆ ಆಂಟಿ?" ಎಂದು ಒಬ್ಬಳು ಸಾಲ್ವಾಳನ್ನೇ ಕೇಳಿದಳು, ಸುತ್ತು ನಡೆಯುತ್ತಿರುವಾಗಲೇ.

ಟಿಕೋಯ್ ಚಿನ್ನದ ಬಣ್ಣದ ಚಡ್ಡಿಯಲ್ಲಿ ಬಂದ. ಮೊದಲ ಸುತ್ತಿನಲ್ಲಿ ಬೆನ್ನು ತಿರುಗಿಸಿ ಕುಣಿದ, ರೇನಾಂಟೆಯ ತಲೆ ಸವರಿದ, ಹುಡುಗಿಯರತ್ತ ಮುತ್ತು ತೂರಿದ. ಜನ ಹುಚ್ಚೆದ್ದು ಕೂಗಿದರು. ಎರಡನೆಯ ಸುತ್ತಿನಲ್ಲಿ ಒಂದೂವರೆ ನಿಮಿಷಕ್ಕೇ ಅವನ ಉಸಿರು ಬಾಯಿಗೆ ಬಂತು. ಮೂರು ನಿಮಿಷ ಎಷ್ಟು ಉದ್ದ ಎಂಬುದು ಒಳಗಿದ್ದವನಿಗೇ ಗೊತ್ತು. ಕೈ ಇಳಿಬಿಟ್ಟು ರೇನಾಂಟೆಯ ಮೇಲೆ ಒರಗಿದ. ರೇನಾಂಟೆ ನಡೆಯಲು ಕಲಿಯುವ ಮಗುವನ್ನು ಹಿಡಿದಂತೆ ಅವನ ಕಂಕುಳಿಗೆ ಕೈ ಕೊಟ್ಟು ನಿಲ್ಲಿಸಿಕೊಂಡ.

ಕಾಪ್ ಓಡಿ ಬಂದು ಮೇಜಿನ ಮೇಲೆ ಬಗ್ಗಿದ. "ನಾಂಗ್, ಹೊಡೀರಿ ಗಂಟೆ."

"ಇನ್ನೂ ಒಂದೂಕಾಲು ನಿಮಿಷ ಇದೆ."

"ಅಯ್ಯೋ, ಅವನು ಇಳಿದುಹೋಗ್ತೀನಿ ಅಂತ ಸನ್ನೆ ಮಾಡ್ತಿದಾನೆ! ಅವನು ಹೋದ್ರೆ ಜನಾನೂ ಹೋಗ್ತಾರೆ. ಮುಂದಿನ ವರ್ಷ ನಾವಿಬ್ರೇ ಡಾನ್ಸ್ ನೋಡ್ಕೊಂಡು ಕೂರೋಣ. ಹೊಡೀರಿ ಅಂದ್ರೆ!"

ಸಾಲ್ವಾ ಗಡಿಯಾರ ನೋಡಿದಳು. ಅಂಗಳ ನೋಡಿದಳು. ಇಷ್ಟು ಜನ ಇಲ್ಲಿ ಸೇರಿ ಎಷ್ಟು ವರ್ಷವಾಗಿತ್ತು! ಇವರಲ್ಲಿ ಹತ್ತು ಜನ ಮುಂದಿನ ವರ್ಷ ನಿಜವಾದ ಪಂದ್ಯಕ್ಕೆ ಬಂದರೂ ಸಾಕು ಅನಿಸಿತು. ಬರುವುದಿಲ್ಲ ಎಂದೂ ಆ ಕ್ಷಣವೇ ಅನಿಸಿತು. ಆದರೂ ಸುತ್ತಿಗೆ ಎತ್ತಿ ಹೊಡೆದಳು.

ಗಂಟೆ ಯಾವತ್ತಿನ ಹಾಗೆಯೇ ಮೊಳಗಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ರೇನಾಂಟೆ ಮಾತ್ರ ತಿರುಗಿ ಅವಳನ್ನು ನೋಡಿದ, ಅವಳು ತಲೆ ತಗ್ಗಿಸಿದಳು. ಮೂರನೆಯ ಸುತ್ತಿಗೆ ಕಾಪ್ ಬಂದು ಹೇಳಬೇಕಾಗಲಿಲ್ಲ. ಒಂದು ನಿಮಿಷಕ್ಕೆ ಅವಳೇ ಹೊಡೆದಳು.

ಪಂದ್ಯ ಸಮವೆಂದು ಸಾರಿದರು. ಟಿಕೋಯ್‌ನ ಹಿಂದೆ ಜನವೆಲ್ಲ ಫೋನು ಎತ್ತಿಕೊಂಡು ರಸ್ತೆಗೆ ಹೋದರು. ಕಾಪ್ ಬಂದು ಸಾಲ್ವಾಳ ಕೈ ಹಿಡಿದು ಕುಲುಕಿ, "ಉಳೀತು ನಾಂಗ್, ಬಾಕ್ಸಿಂಗ್ ಉಳೀತು! ಮುಂದಿನ ವರ್ಷ ಇಬ್ರು ಟಿಕೋಯ್‌ಗಳನ್ನ ತರಿಸ್ತೀನಿ," ಎಂದ.

ರೇನಾಂಟೆ ಕೈಪಟ್ಟಿ ಬಿಚ್ಚುತ್ತ ಬಂದು ನಿಂತ. "ನಾಂಗ್, ಶೆಡ್ಡಿಗೆ ನಾಳೆಯಿಂದ ಬರಲ್ಲ. ಟಿಕೋಯ್ ಕೆಲಸ ಕೊಟ್ಟಿದಾನೆ."

"ಏನು ಕೆಲಸ?"

"ಇದೇ. ಊರೂರಿಗೆ ಹೋಗೋದು, ಹೀಗೇ ಅವನನ್ನ ಹಿಡ್ಕೊಂಡು ನಿಲ್ಲೋದು. ತಿಂಗಳ ಸಂಬಳ." ಬೈಯುತ್ತಾಳೇನೋ ಎಂದು ಕಾದ. ಬೈಯಲು ಅವಳಿಗೆ ಯಾವ ಬಾಯಿ ಉಳಿದಿತ್ತು? ಅವನ ಕೆನ್ನೆ ತಟ್ಟಿ, "ಹೊಟ್ಟೆ ತುಂಬಾ ಉಣ್ಣು," ಎಂದಳು. ಅವನು ಹೋದ.

ಆಮೇಲೆ ಗಡಿಯಾರವನ್ನು ಚೀಲಕ್ಕೆ ಹಾಕಿ ಗಂಡನ ಬಳಿ ಬಂದಳು. ಸುತ್ತಲಿನ ಕುರ್ಚಿಗಳನ್ನೆಲ್ಲ ಮಡಚಿ ಒಯ್ದಿದ್ದರು. ಮೆಲ್ಚೋರ್ ಒಬ್ಬನೇ ಅಂಕಣದತ್ತ ಮುಖ ಮಾಡಿ ಕೂತಿದ್ದ. ಅವನ ತುಟಿ ಅಲುಗುತ್ತಿತ್ತು, ಏನನ್ನೋ ಎಣಿಸುವ ಹಾಗೆ.

"ಏಳು, ಮನೆಗೆ ಹೋಗೋಣ."

"ಇಂದಾಯ್," ಎಂದ. ಮದುವೆಯ ಹೊಸತರಲ್ಲಿ ಕರೆಯುತ್ತಿದ್ದ ಹೆಸರು. ಮಾತು ಒಂದೊಂದಾಗಿ ಬಂತು. "ಇವತ್ತು... ಬೇಗ ಹೊಡೆದೆ."

ಬೆಳಗಿನ ತಿಂಡಿ ನೆನಪಿಲ್ಲದ ಮನುಷ್ಯನಿಗೆ ಇದು ಹೇಗೆ ತಿಳಿಯಿತು? ಸುಳ್ಳು ಹೇಳೋಣವೆಂದು ಬಾಯಿ ತೆರೆದಳು, ಆಗಲಿಲ್ಲ.

"ಆ ಹುಡುಗ ಸುಸ್ತಾಗಿದ್ದ," ಎಂದಳು.

ಮೆಲ್ಚೋರನ ಮುಖದಲ್ಲಿ ಸಿಟ್ಟಿರಲಿಲ್ಲ, ದೂರಿರಲಿಲ್ಲ. ನಡುಗುವ ಕೈಯಿಂದ ಅವಳ ಮೊಣಕೈ ಹಿಡಿದು ಮೆಲ್ಲಗೆ ಎದ್ದು ನಿಂತ.

"ನಾನೂ ಸುಸ್ತಾಗಿದ್ದೆ," ಎಂದ.