ಬೆಟ್ಟಮ್ಮನ ನೀಲಿ ತುಟಿ

ಏಳು ಹೊಲಿಗೆ ಮಿಷನ್ನುಗಳ ಒಂದು ರಾಜ್ಯವಿತ್ತು. ಬಹಳ ಹಿಂದೆಯೇನಲ್ಲ, ಹೋದ ಬೇಸಿಗೆಯಲ್ಲಿ. ಬಹಳ ದೂರವೂ ಅಲ್ಲ, ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆಯಲ್ಲಿ. ಆ ರಾಜ್ಯಕ್ಕೆ ಒಬ್ಬಳು ರಾಣಿ. ತಲೆಯ ಮೇಲೆ ಕಿರೀಟವಿರಲಿಲ್ಲ, ಕೊರಳಲ್ಲಿ ಅಳತೆ ಟೇಪು ಇತ್ತು. ಅವಳೇ ಬೆಟ್ಟಮ್ಮ. ಅವಳ ಗಂಡ ಪಾಪಯ್ಯ ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ನಿಂತ ಸೇನಾಪತಿ. ಮಿಕ್ಕ ಆರು ಮಿಷನ್ನುಗಳ ಮುಂದೆ ಮಹಿಳಾ ಸಂಘದ ಆರು ಹೆಂಗಸರು.

ಒಂದು ದಿನ ಆ ರಾಜ್ಯದೊಳಗೆ ಒಂದು ಭೂತ ಬಂತು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ, ಕಣ್ಣಿಗೆ ಕಾಣುವ ಮೈಯಿಲ್ಲ. ಯಾರಾದರೂ ಹೊತ್ತು ತಂದರಷ್ಟೇ ಬಂದೀತು. ಊರೂರಿಗೆ ವೈರಸ್ ಜ್ವರ ಹರಡಿದ್ದ ಕಾಲ ಅದು. ಸಂಘದ ಶಿವಗಂಗಮ್ಮನಿಗೆ ಗಂಟಲು ಕೆರೆತ, ಮೈ ಬಿಸಿ. "ಇವತ್ತು ಬರಾಕಾಗಕಿಲ್ಲ ಕಣಕ್ಕ" ಎಂದು ಫೋನು ಮಾಡಿದಳು.

"ಶುಂಠಿ ಕಷಾಯ ಕುಡ್ಕಂಡು ಬಾ. ಕೆಮ್ಮಿಗೆಲ್ಲ ರಜಾ ಕೊಟ್ರೆ ಅಂಗಿ ಹೊಲಿಯೋರ್ಯಾರು?" ಎಂದಳು ಬೆಟ್ಟಮ್ಮ.

ಶಿವಗಂಗಮ್ಮ ಬಂದಳು. ವಾರದೊಳಗೆ ಅವಳೂ ಸೇರಿ ಐವರು ಹಾಸಿಗೆ ಹಿಡಿದರು. ಅವಳಿಗಂತೂ ಉಸಿರಾಡಲು ಕಷ್ಟವಾಗಿ ಎರಡು ದಿನ ಆಸ್ಪತ್ರೆಯಲ್ಲಿ ಮಲಗಬೇಕಾಯಿತು.

ಹೊಲಿಯಲು ಉಳಿದವರು ಬೆಟ್ಟಮ್ಮ ಮತ್ತು ಸಂಘದ ಕಿರಿಯ ಹುಡುಗಿ ರಂಜಿನಿ. ಇನ್ನೂ ಅರವತ್ತು ಅಂಗಿ ಬಾಕಿ. ಶಾಲೆ ತೆರೆಯಲು ಎಂಟೇ ದಿನ. ಊರ ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಸಂಘದ ಕೈಗೆ ಬಂದದ್ದು ಅದೇ ಮೊದಲು. "ಶಾಲೆ ತೆರೆಯೋ ದಿನ ಎಲ್ಲಾ ಮಕ್ಳ ಮೈಮ್ಯಾಲೂ ಹೊಸ ಅಂಗಿ ಇರ್ತದೆ ಸಾ" ಎಂದು ಬೆಟ್ಟಮ್ಮ ಮೇಷ್ಟ್ರಿಗೆ ಮಾತು ಕೊಟ್ಟಿದ್ದಳು.

"ಆಗಾಕಿಲ್ಲ ಅಂತ ಯೋಳ್ಬುಡು" ಎಂದ ಪಾಪಯ್ಯ.

"ಕೊಟ್ಟ ಮಾತು ಅಂಗಿಯಲ್ಲ ಕಣಯ್ಯ, ಬಿಚ್ಚಿ ಮತ್ತೆ ಹೊಲಿಯಾಕೆ."

ಬೆಟ್ಟಮ್ಮ ಸೋಮಾರಿಯಲ್ಲ. ದಿನಕ್ಕೆ ಮೂರು ಸಲ ಫಿನಾಯಿಲ್ ಹಾಕಿ ನೆಲ ಒರೆಸಿದಳು. ಬಾಗಿಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಜ್ವರ ಗಾಳಿಯಲ್ಲಿ ಬಂದುಬಿಟ್ಟೀತೆಂದು ಕಿಟಕಿಗಳನ್ನೆಲ್ಲ ಮುಚ್ಚಿದಳು. ಹಾಗೆ ಮುಚ್ಚಿದ ಬೆಳಿಗ್ಗೆಯೇ ಆಶಾ ಕಾರ್ಯಕರ್ತೆ ತೇಜಶ್ರೀ ಮಾಸ್ಕು ಹಾಕಿಕೊಂಡು ಬಾಗಿಲು ತಟ್ಟಿದಳು.

"ಏನ್ ಬೆಟ್ಟಕ್ಕ, ಕೋಟೆ ಬಾಗ್ಲು ಭದ್ರ ಮಾಡ್ಕಂಡಿದ್ದೀರಾ?"

"ಬಾ ತೇಜು. ಚಪ್ಲಿ ಅಲ್ಲೇ ಬುಡು. ನನ್ನ ನೆಲ ನೋಡು, ಮುದ್ದೆ ಇಟ್ಕಂಡು ಉಣ್ಬೋದು."

"ಉಣ್ಬೋದು. ಆದ್ರೂ ಐದು ಜನ ಮಲ್ಗವ್ರಲ್ಲಕ್ಕ. ನೆಲದಿಂದ ಬಂತಾ ಜ್ವರ?"

"ಗ್ರಾಚಾರದಿಂದ ಬಂತು. ನಾನು ಗಟ್ಟಿಯಾಗಿಲ್ವಾ? ನಂಗೊಂದು ಸೀನೂ ಬಂದಿಲ್ಲ."

"ಅವ್ಳ ಬಾಯಿಗೆ ಎದ್ರಿ ಜ್ವರ ಅತ್ರ ಬರಾಕಿಲ್ಲ ಕಣವ್ವ" ಎಂದ ಪಾಪಯ್ಯ, ಇಸ್ತ್ರಿ ಮೂಲೆಯಿಂದ.

ತೇಜಶ್ರೀ ನಕ್ಕಳು. ಮೊದಲು ಹೋಗಿ ಎರಡೂ ಕಿಟಕಿ ತೆರೆದಳು. "ಕೆಮ್ಮಿದಾಗ, ಸೀನಿದಾಗ, ಮಾತಾಡ್ದಾಗ ಬಾಯಿಂದ ಈಚೆಗೆ ಬರೋದು ಈ ವೈರಸ್ಸು. ಮುಚ್ಚಿದ ಮನೇಲಿ ಅದು ಅಲ್ಲೇ ಸುತ್ತಾಡ್ತಾ ಇರ್ತದೆ. ಕಿಟಕಿ ತೆಗುದ್ರೆ ಆಚೆಗೋಯ್ತದೆ. ಎರಡನೇ ದಾರಿ ಕೈ. ಕೈಯಿಂದ ಬಾಯಿಗೆ, ಮೂಗಿಗೆ."

"ನಾವೇನ್ ಎಳೆ ಮಕ್ಳಾ, ಬಾಯಿಗೆ ಕೈ ಇಕ್ಕಾಕೆ?"

ತೇಜಶ್ರೀ ಸುತ್ತ ಕಣ್ಣಾಡಿಸಿದಳು. ಮೇಜಿನ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಬಿಲ್ಲೆ ಬಿದ್ದಿತ್ತು. ಅದನ್ನು ಪುಡಿ ಮಾಡಿ ಬೆಟ್ಟಮ್ಮನ ಕತ್ತರಿಯ ಹಿಡಿಗೆ ಸವರಿದಳು. "ಇದೇ ಜ್ವರ ಅಂದ್ಕೊಳಿ. ಟೀ ಹೊತ್ತಿನವರ್ಗೂ ನಿಮ್ಮ ಪಾಡಿಗೆ ಕೆಲ್ಸ ಮಾಡಿ. ನಾನು ಬಾಯಿ ಬಿಡಾಕಿಲ್ಲ."

"ಒಳ್ಳೆ ಆಟ!" ಎಂದು ಗೊಣಗಿ ಬೆಟ್ಟಮ್ಮ ಬೇಡದ ಚೂರು ಬಟ್ಟೆಗಳನ್ನು ಮುಂದಿಟ್ಟುಕೊಂಡು ಕೂತಳು. ಮಿಷನ್ನು ಗಡಗಡ ಓಡಿತು. ಐದು ನಿಮಿಷದಲ್ಲಿ ಸೀಮೆಸುಣ್ಣದ ಮಾತು ಮರೆತೇಹೋಯಿತು. ದಾರ ತುಂಡಾದರೆ ಹಲ್ಲಿನಲ್ಲಿ ಕಚ್ಚಿದಳು. ತುದಿಯನ್ನು ತುಟಿಗಿಟ್ಟು ಎಂಜಲು ಮಾಡಿ ಸೂಜಿಗೆ ಪೋಣಿಸಿದಳು. ಗುಂಡುಸೂಜಿಗಳನ್ನು ತುಟಿಯ ನಡುವೆ ಸಿಕ್ಕಿಸಿಕೊಂಡಳು. ರಂಜಿನಿ ಕತ್ತರಿ ಕೇಳಿದಳು, ಕೊಟ್ಟಳು. ಪಾಪಯ್ಯ ದಾರದ ಉಂಡೆ ಎತ್ತಿಕೊಟ್ಟ.

ಟೀ ಬಂತು. ತೇಜಶ್ರೀ ಎದ್ದು ಒಂದೊಂದೇ ತೋರಿಸಿದಳು. ಮಿಷನ್ನಿನ ಚಕ್ರದ ಮೇಲೆ ನೀಲಿ. ರಂಜಿನಿಯ ಟೇಪಿನ ಮೇಲೆ ನೀಲಿ. ಫ್ಯಾನಿನ ಸ್ವಿಚ್ಚು, ನೀರಿನ ಚೊಂಬು, ಪಾಪಯ್ಯನ ಮೂಗಿನ ತುದಿ, ಎಲ್ಲ ಕಡೆ ನೀಲಿ.

ರಂಜಿನಿ ಬೆಟ್ಟಮ್ಮನ ಮುಖ ನೋಡಿದವಳೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ! ಶಿವನಿಗೆ ಕಂಠ ನೀಲಿ, ನಮ್ಮ ಬೆಟ್ಟಕ್ಕಂಗೆ ತುಟಿ ನೀಲಿ!"

ಬೆಟ್ಟಮ್ಮ ರಂಜಿನಿಯ ಫೋನಿನಲ್ಲಿ ಮುಖ ನೋಡಿಕೊಂಡಳು. ನಗಲಿಲ್ಲ. ಬೆರಳಿನಿಂದ ತುಟಿ ಮುಟ್ಟಿ, ಬೆರಳು ನೋಡಿದಳು. ಮೆಲ್ಲಗೆ ಹೇಳಿದಳು: "ಶಿವಗಂಗಿನೂ ಇಂಗೇ ದಾರ ಕಚ್ಚಿದ್ಳು. ಅವ್ಳ ಕತ್ತರಿನ ನಾನೇ ಇಸ್ಕಂಡು ಎಲ್ರಿಗೂ ಕೊಟ್ಟೆ. ಆವತ್ತು ಅವ್ಳನ್ನ ಬಾ ಅಂದೋಳೂ ನಾನೇ."

"ತಪ್ಪು ಉಡುಕ್ತಾ ಕೂತ್ರೆ ಅಂಗಿ ಆಗಾಕಿಲ್ಲಕ್ಕ" ಎಂದಳು ತೇಜಶ್ರೀ. "ಅರ್ಧ ದಿನ ನಂಗೆ ಕೊಡಿ."

"ಅರ್ಧ ದಿನ! ನಾಕು ಅಂಗಿ ಓಯ್ತದಲ್ಲಮ್ಮಿ!"

"ನೀವೇ ಮಲ್ಗಿದ್ರೆ ಅರವತ್ತೂ ಓಯ್ತವೆ."

ಬೆಟ್ಟಮ್ಮ ಸೆರಗು ಸಿಕ್ಕಿಸಿ ಎದ್ದಳು. ಬಕೆಟ್ಟಿಗೆ ಬ್ಲೀಚಿಂಗ್ ಪುಡಿ ಸುರಿದು, ಜೊತೆಗೆ ಫಿನಾಯಿಲ್ ಬಾಟಲಿಯನ್ನೂ ಬಗ್ಗಿಸಲು ಹೋದಾಗ ತೇಜಶ್ರೀ ಕೈ ಹಿಡಿದಳು. "ಎರಡನ್ನೂ ಬೆರಸ್ಬಾರ್ದು. ಕೆಟ್ಟ ಹೊಗೆ ಎದ್ದು ಎದೆ ಸುಡ್ತದೆ. ಪುಡಿ ಪೊಟ್ಟಣದ ಮೇಲೆ ಬರೆದಷ್ಟೇ. ಕೈಗವಸು ಹಾಕ್ಕೊಳಿ."

"ಬ್ಲೀಚಿಂಗ್ ಸಿಡಿದು ಮಕ್ಳ ಅಂಗಿ ಬಣ್ಣ ಓದ್ರೆ?"

"ಒಳ್ಳೆ ಪ್ರಶ್ನೆ. ಬಟ್ಟೆನೆಲ್ಲ ಪಕ್ಕದ ಕೋಣೆಗೆ ಸಾಗ್ಸಿ."

ಪಾಪಯ್ಯ ಬಟ್ಟೆ ಸಾಗಿಸಿದ. ಮೊದಲು ಸೋಪಿನ ನೀರಿನಲ್ಲಿ ಮೇಜು, ಬಾಗಿಲ ಚಿಲಕ, ನಲ್ಲಿ ಎಲ್ಲ ಉಜ್ಜಿದರು. ಆಮೇಲೆ ಬ್ಲೀಚಿಂಗ್ ನೀರು ಸವರಿದರು. ಸವರಿದ ಕೂಡಲೇ ಬೆಟ್ಟಮ್ಮ ಒಣ ಬಟ್ಟೆ ತೆಗೆದುಕೊಂಡಳು.

"ಹತ್ತು ನಿಮಿಷ ಹಸಿಯಾಗೇ ಇರ್ಲಿ ಅಕ್ಕ. ಕಾಳು ನೆನೆಯಾಕೂ ಹೊತ್ತು ಬೇಕಲ್ವಾ? ಆಮೇಲೆ ಬರೀ ನೀರಲ್ಲಿ ಒರೆಸ್ಬುಡಿ."

ಮಿಷನ್ನಿಗೂ ಸ್ವಿಚ್ಚಿಗೂ ನೀರು ತಾಗಿಸಲಿಲ್ಲ. ಕರೆಂಟು ತೆಗೆದು, ಬಟ್ಟೆಗೆ ಸ್ಯಾನಿಟೈಜರ್ ಹಾಕಿ ಒರೆಸಿದರು. ಕತ್ತರಿಗಳನ್ನೂ ಹಾಗೆಯೇ. "ಇದು ಬೆಂಕಿ ಹತ್ತೋ ವಸ್ತು, ಇಸ್ತ್ರಿ ಪೆಟ್ಟಿಗೆ ಆರಿರ್ಬೇಕು" ಎಂದಾಗ ಪಾಪಯ್ಯ ಪೆಟ್ಟಿಗೆಯನ್ನು ಅಂಗಳಕ್ಕೇ ಹೊತ್ತುಕೊಂಡು ಹೋದ. ಒರೆಸಿದ ಬಟ್ಟೆಗಳನ್ನು ಸೋಪಿನಲ್ಲಿ ಒಗೆದು ಬಿಸಿಲಿಗೆ ಹಾಕಿದರು. ಕತ್ತರಿ, ಟೇಪು, ನೀರಿನ ಲೋಟ ಅವರವರದೇ ಎಂದಾಯಿತು. ನಲ್ಲಿಯ ಹತ್ತಿರ ಸೋಪು ಬಂತು: ಒಳಗೆ ಬಂದಾಗ, ಉಣ್ಣುವ ಮುಂಚೆ, ಕೆಮ್ಮಿದ ಮೇಲೆ, ಇಪ್ಪತ್ತು ಎಣಿಸುವವರೆಗೆ ಕೈ ತೊಳೆಯಬೇಕು.

ಆದರೆ ನಲವತ್ತು ವರ್ಷದ ಎಂಜಲಿನ ಅಭ್ಯಾಸ? ದಾರದ ತುದಿಯನ್ನು ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿ ಪೋಣಿಸುವುದನ್ನು ರಂಜಿನಿ ತೋರಿಸಿದಳು. ಬೆಟ್ಟಮ್ಮ ಮಾಸ್ಕು ಹಾಕಿ ಕೂತಳು. ಕೈ ತನ್ನಷ್ಟಕ್ಕೆ ಬಾಯಿಗೆ ಹೋಯಿತು, ದಾರ ಮಾಸ್ಕಿಗೆ ಬಡಿಯಿತು. ಮತ್ತೆ ಹೋಯಿತು, ಮತ್ತೆ ಬಡಿಯಿತು.

"ಯಾರೋ ಬಾಗ್ಲು ತಟ್ತಾವ್ರೆ, ತಗೀರಿ ಬೆಟ್ಟಕ್ಕ!" ಎಂದು ರಂಜಿನಿ ಕಿಚಾಯಿಸಿದಳು.

"ಬಾಯ್ ಮುಚ್ಕಂಡು ಹೊಲಿಯೇ, ತರ್ಲೆ!"

ಮೂರು ದಿನ ಕೆಲಸ ಚೆನ್ನಾಗಿ ಸಾಗಿತು. ನಾಲ್ಕನೆಯ ಬೆಳಿಗ್ಗೆ ರಂಜಿನಿ ಬಾಗಿಲಲ್ಲೇ ನಿಂತಳು. "ಅಕ್ಕ, ರಾತ್ರಿಯಿಂದ ಗಂಟ್ಲು ಕೆರೀತಾ ಅದೆ. ಜಾಸ್ತಿ ಏನಿಲ್ಲ. ಬರ್ಲಾ?"

ಪಾಪಯ್ಯ ಹೆಂಡತಿಯ ಕಡೆ ನೋಡಿದ. ನಲವತ್ತು ಅಂಗಿ ಇನ್ನೂ ಬಾಕಿ. ಇವಳು ಹೋದರೆ ಏಳು ಮಿಷನ್ನಿಗೆ ಒಂದೇ ಜೀವ. ಬೆಟ್ಟಮ್ಮ ಒಂದು ಕ್ಷಣ ಖಾಲಿ ಮಿಷನ್ನುಗಳತ್ತ ನೋಡಿದಳು.

"ಬ್ಯಾಡ. ಮನೇಗೋಗವ್ವ. ತೇಜುಗೆ ಫೋನ್ ಮಾಡು, ರೆಸ್ಟ್ ತಗೋ. ನಿನ್ ಮಿಷನ್ನು ನಿಂದೇ, ಯಾರೂ ಕಿತ್ಕಳಾಕಿಲ್ಲ."

ಆ ದಿನ ಅವಳೊಬ್ಬಳೇ ನಾಲ್ಕು ಅಂಗಿ ಮುಗಿಸಿದಳು. ಮರುದಿನವೂ ನಾಲ್ಕು. ಕತ್ತರಿಸುವ ಕೆಲಸ ಪಾಪಯ್ಯ ಕಲಿತ. ಪ್ರತಿ ಸಂಜೆ ಇಬ್ಬರೂ ಮೇಜು, ಚಿಲಕ, ಸ್ವಿಚ್ಚು ಒರೆಸಿಯೇ ಮನೆಗೆ ಹೋದರು. ರಂಜಿನಿಗೆ ಜ್ವರ ಬಂತು. ಬೆಟ್ಟಮ್ಮನಿಗೆ ಬರಲಿಲ್ಲ, ಪಾಪಯ್ಯನಿಗೂ ಬರಲಿಲ್ಲ.

ಆರನೆಯ ಬೆಳಿಗ್ಗೆ ಅಂಗಳದಲ್ಲಿ ಮಾತು ಕೇಳಿಸಿತು. ಶಿವಗಂಗಮ್ಮ! ಅವಳ ಹಿಂದೆ ಇನ್ನಿಬ್ಬರು. ಜ್ವರ ಪೂರ್ತಿ ಬಿಟ್ಟಿದೆ, ಕೆಲಸಕ್ಕೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರಂತೆ.

"ಶಿವಗಂಗಿ, ಆವತ್ತು ನಿನ್ನ ಬಾ ಅಂದಿದ್ದು ತಪ್ಪಾಯ್ತು ಕಣೇ" ಎಂದಳು ಬೆಟ್ಟಮ್ಮ.

"ಇವತ್ತು ಅನ್ನದಿದ್ರೂ ಬಂದಿವ್ನಿ ಕಣಕ್ಕ. ಸೋಪೆಲ್ಲಿ?"

ನಾಲ್ಕು ಮಿಷನ್ನುಗಳು ಎರಡು ದಿನ ಹಾಡಿದವು. ಎಂಟನೆಯ ದಿನ ಗುಂಡಿ ಹೊಲಿದು, ಇಸ್ತ್ರಿ ಹಾಕಿ, ಕೊನೆಯ ಅಂಗಿಯನ್ನು ಮಡಿಸಿ ಮೇಷ್ಟ್ರ ಕೈಗೆ ಕೊಟ್ಟಾಗ ಬೆಟ್ಟಮ್ಮ ಹೇಳಿದ್ದು ಒಂದೇ ಮಾತು: "ಎಣಿಸ್ಕಳಿ ಸಾ. ಒಂದೂ ಕಮ್ಮಿ ಇಲ್ಲ."

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮದು ಹೊಲಿಗೆಯ ಕೆಲಸ ಅಲ್ಲದಿರಬಹುದು. ಅಂಗಡಿಯಲ್ಲಿ ಕವರು ಬಿಡಿಸುವಾಗ ಬೆರಳನ್ನು ನಾಲಿಗೆಗೆ ಹಚ್ಚುತ್ತೀರಾ? ಟಿಕೆಟ್ಟು ಹರಿಯುವಾಗ, ಪುಸ್ತಕದ ಹಾಳೆ ತಿರುವುವಾಗ? ಹತ್ತು ಜನ ಮುಟ್ಟುವ ಹಾಲಿನ ಕ್ಯಾನಿನ ಹಿಡಿಯನ್ನು ಕೊನೆಯ ಸಲ ಒರೆಸಿದ್ದು ಯಾವಾಗ? ನಾಳೆ ಕೆಲಸಕ್ಕೆ ಹೋದ ತಕ್ಷಣ ಕಿಟಕಿ ತೆರೆಯಿರಿ, ಕೈ ತೊಳೆಯಿರಿ, ಎಲ್ಲರೂ ಮುಟ್ಟುವುದನ್ನು ಮೊದಲು ಒರೆಸಿರಿ. ಜೊತೆಯವರು ಕೆಮ್ಮುತ್ತಾ ಬಂದರೆ ಗದರದೆ ಮನೆಗೆ ಕಳಿಸಿರಿ. ನಿಮಗೇ ಕೆಮ್ಮಿದ್ದರೆ, ನೀವೇ ಮನೆಯಲ್ಲಿರಿ.