ಆರು ಗಂಟೆಯ ಪಾಳಿ

ಬೆಳಿಗ್ಗೆ ಆರಕ್ಕೆ ಡಯಾಲಿಸಿಸ್ ಕೋಣೆಯ ಬಾಗಿಲು ತೆರೆದರೆ ಮೊದಲು ತೂಕ. ಚಪ್ಪಲಿ ಬಿಟ್ಟು, ಫೋನನ್ನು ಮೇಜಿನ ಮೇಲಿಟ್ಟು ತೂಕದ ಯಂತ್ರ ಹತ್ತಬೇಕು. ಹಿಂದಿನ ಸಲ ಮನೆಗೆ ಹೋಗುವಾಗ ಇದ್ದುದಕ್ಕಿಂತ ಎಷ್ಟು ಹೆಚ್ಚಾಗಿದೆಯೋ ಅಷ್ಟೂ ನೀರು. ನಮ್ಮ ಕಿಡ್ನಿಗಳು ಕೆಲಸ ಬಿಟ್ಟಿವೆ. ಕುಡಿದದ್ದು ಮೈಯಲ್ಲೇ ನಿಲ್ಲುತ್ತದೆ. ಅದನ್ನು ನಾಲ್ಕು ಗಂಟೆ ಹಿಡಿದು ಮೆಷಿನ್ ಎಳೆದು ತೆಗೆಯುತ್ತದೆ.

“ಎರಡು ಕೆಜಿ ಎಂಟುನೂರು,” ಎಂದು ಟೆಕ್ನಿಷಿಯನ್ ಅಕ್ಕ ಡ್ರೈವರ್ ಮಾವನ ಹೆಚ್ಚಿದ ತೂಕ ಓದಿದಳು. “ಏನ್ರೀ ಇದು? ಕೆರೆ ಕುಡಿದು ಬಂದ್ರಾ?”

“ನಿನ್ನೆ ಟಿವೀಲಿ ಟೈಲರ್ ಸಾಹೇಬ್ರ ನಾಯಕರ ಭಾಷಣ ಇತ್ತಲ್ಲಮ್ಮ. ಒಂದೂವರೆ ಗಂಟೆ. ಕೇಳ್ತಾ ಕೇಳ್ತಾ ನನ್ನ ಗಂಟಲು ಒಣಗೋಯ್ತು.”

“ಭಾಷಣ ಮಾಡಿದವರಿಗೆ ಒಣಗಲಿಲ್ಲ, ಇವರಿಗೆ ಒಣಗ್ತಂತೆ,” ಎಂದರು ಟೈಲರ್ ದೊಡ್ಡಪ್ಪ. “ಮಧ್ಯೆ ಮಧ್ಯೆ ಟಿವಿಗೆ ಬೈದಿರ್ತಾರೆ. ನಂದು ನೋಡಮ್ಮ. ಒಂದು ಒಂಬೈನೂರು. ಶಾಂತವಾಗಿ ಕೂತು ಕೇಳಿದವನ ತೂಕ ಇದು.”

ಇಬ್ಬರೂ ನನಗೆ ಸಂಬಂಧಿಕರಲ್ಲ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಎರಡು ವರ್ಷದಿಂದ ಒಂದೇ ಕೋಣೆಯಲ್ಲಿ ಸೂಜಿ ಚುಚ್ಚಿಸಿಕೊಂಡು ಕೂತಿದ್ದೇವೆ. ಏನಾದರೂ ಒಂದು ಕರೆಯಲೇಬೇಕಲ್ಲ. ಡ್ರೈವರ್ ಮಾವ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಟೈಲರ್ ದೊಡ್ಡಪ್ಪನ ಅಂಗಡಿಯಲ್ಲಿ ಒಂದು ಕಾಲಕ್ಕೆ ನಾಲ್ಕು ಹೊಲಿಗೆ ಮೆಷಿನ್ ಇದ್ದವು. ಖಾಸಗಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದಾಗ ಮೂರನ್ನು ಮಾರಿದರು. ನಾಲ್ಕನೆಯದನ್ನು ಮಾರುವ ವಾರವೇ ನಾಯಕರ ಉಚಿತ ಡಯಾಲಿಸಿಸ್ ಯೋಜನೆ ನಮ್ಮ ಊರಿಗೆ ಬಂತು. ಅವರಿಗೆ ನಾಯಕರು ಅಂದರೆ ಆ ಉಳಿದ ಒಂದು ಮೆಷಿನ್.

ಡ್ರೈವರ್ ಮಾವನಿಗೆ ನಾಯಕರು ಅಂದರೆ ಮುಚ್ಚಿಹೋದ ಡಿಪೋ. ಜನ ಕಡಿಮೆ ಎಂದು ಮೊದಲು ಬೆಳಗಿನ ಟ್ರಿಪ್ ಕಡಿತವಾಯಿತು. ಬೆಳಗಿನ ಬಸ್ಸಿಲ್ಲದ ಮೇಲೆ ಸಂಜೆ ವಾಪಸು ಬರುವವರೂ ಇಲ್ಲವಾದರು, ರೂಟೇ ಹೋಯಿತು. ಕೊನೆಗೆ ಡಿಪೋಗೆ ಬೀಗ. ಇದನ್ನು ಅವರು ನಮಗೆ ಕನಿಷ್ಠ ಐವತ್ತು ಸಲ ಹೇಳಿದ್ದಾರೆ.

ಪ್ರತಿ ಮೆಷಿನ್ ಮೇಲೂ ನಾಯಕರ ಫೋಟೋ ಅಂಟಿಸಿದೆ. ಕೈ ಎತ್ತಿ ನಗುತ್ತಿರುವ, ಹತ್ತು ವರ್ಷ ಹಳೆಯ ಮುಖ. ಡ್ರೈವರ್ ಮಾವ ಬಂದ ಕೂಡಲೇ ತಮ್ಮ ಟವಲ್ಲನ್ನು ಅದರ ಮೇಲೆ ನೇತುಹಾಕುತ್ತಾರೆ. ಅಲಾರಂ ದೀಪ ಕಾಣುವುದಿಲ್ಲ ಎಂದು ಅಕ್ಕ ಅದನ್ನು ತೆಗೆಯುತ್ತಾಳೆ.

“ನಾಯಕರು ಆಸ್ಪತ್ರೇಲಿ ಮುದುಕಿನ ತಬ್ಬಿಕೊಂಡ ವಿಡಿಯೋ ನೋಡಿಲ್ವೇನ್ರೀ ನೀವು?” ಎಂದು ಟೈಲರ್ ದೊಡ್ಡಪ್ಪ ಕೇಳುತ್ತಾರೆ. “ಕಣ್ಣಲ್ಲಿ ನೀರಿತ್ತು ಅವರಿಗೆ.”

“ಮೂರು ಕಡೆಯಿಂದ ಶೂಟ್ ಮಾಡಿದ್ದಾರೆ. ಮುದುಕಿಗೆ ಮೂರು ಸಲ ತಬ್ಬಿಸಿಕೊಂಡು ಸುಸ್ತಾಗಿರುತ್ತೆ.”

“ನಿಮ್ಮವರು ಅಧಿಕಾರದಲ್ಲಿ ಇದ್ದಾಗ ಒಂದು ಸಲಾನಾದ್ರೂ ತಬ್ಬಿದ್ರಾ?”

“ಅವರು ಏನನ್ನೂ ಮುಟ್ಟದೇ ಇದ್ದಿದ್ದಕ್ಕೇ ಆಗ ಬಸ್ ಓಡ್ತಿತ್ತು.”

ಅರ್ಧ ಗಂಟೆಗೊಮ್ಮೆ ಬಿಪಿ ಪಟ್ಟಿ ತಾನಾಗಿಯೇ ಉಬ್ಬುತ್ತದೆ. ಇಬ್ಬರದೂ ಏರಿರುತ್ತದೆ. “ಇನ್ನೊಂದು ಮಾತಾಡಿದ್ರೆ ಇಬ್ಬರ ಬಾಯಿಗೂ ಪ್ಲಾಸ್ಟರ್ ಹಾಕ್ತೀನಿ,” ಎನ್ನುತ್ತಾಳೆ ಅಕ್ಕ. ಜಗಳವಾಡಿ ಎದ್ದು ಹೋಗುವ ಅವಕಾಶ ಇಲ್ಲಿ ಯಾರಿಗೂ ಇಲ್ಲ. ರಕ್ತ ಮೈಯೊಳಗೆ ಅರ್ಧ, ಪೈಪಿನೊಳಗೆ ಅರ್ಧ.

ಆ ಸೋಮವಾರ ಡಾಕ್ಟರ್ ಒಂದು ಕಾಗದ ಹಿಡಿದು ಬಂದರು. ಅವರು ಈ ಹೊತ್ತಿಗೆ ಬರುವವರಲ್ಲ.

“ಮೇಲಿಂದ ಆದೇಶ ಬಂದಿದೆ. ನಾಲ್ಕಕ್ಕಿಂತ ಕಡಿಮೆ ರೋಗಿಗಳಿರೋ ಪಾಳಿಗಳನ್ನ ಮುಚ್ಚಬೇಕಂತೆ. ಹನ್ನೊಂದರದ್ದು, ನಾಲ್ಕರದ್ದು ಎರಡೂ ಭರ್ತಿ. ಹಾಗಾಗಿ ನಿಮ್ಮ ಮೂವರನ್ನ ಮುಂದಿನ ತಿಂಗಳಿಂದ ನಗರದ ದೊಡ್ಡಾಸ್ಪತ್ರೆಗೆ ವರ್ಗ ಮಾಡ್ತಾರೆ.”

ನಗರಕ್ಕೆ ಬಸ್ಸಿನಲ್ಲಿ ಎರಡೂವರೆ ಗಂಟೆ. ಹೋಗಿ ಬರಲು ಐದು, ಕೂರಲು ನಾಲ್ಕು. ನಾನು ಮನಸ್ಸಿನಲ್ಲೇ ಕೂಡಿಸಿದೆ: ಒಂಬತ್ತು.

ನಾನು ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತೇನೆ. ಮಾಲೀಕರು ಹನ್ನೊಂದಕ್ಕೆ ಬಂದರೆ ಸಾಕು ಎಂದಿದ್ದಾರೆ. ವಾರದಲ್ಲಿ ಮೂರು ದಿನ ಬರುವುದೇ ಇಲ್ಲ ಎಂದರೆ ಅವರು ಬೇರೆ ಹುಡುಗಿಯನ್ನು ನೋಡಿಕೊಳ್ಳುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ನಾನು ಇರುವುದು ನನ್ನ ಸ್ವಂತ ಅಕ್ಕ ಭಾವನ ಮನೆಯಲ್ಲಿ. ಭಾವ ಒಳ್ಳೆಯವರು. ಆದರೆ ಇಪ್ಪತ್ತಾರನೇ ವಯಸ್ಸಿಗೆ ಅವರ ಮನೆಯಲ್ಲಿ ರೋಗಿಯಾಗಿ ಮಲಗುವುದಕ್ಕೂ, ಕೆಲಸ ಮುಗಿಸಿ ಬಂದು ಅದೇ ಹಾಸಿಗೆಯಲ್ಲಿ ಮಲಗುವುದಕ್ಕೂ ವ್ಯತ್ಯಾಸವಿದೆ. ಆ ಕೆಲಸವೊಂದೇ ನನ್ನದು ಅನ್ನಬಹುದಾದದ್ದು.

“ಏನೂ ಮಾಡೋಕಾಗಲ್ವಾ ಸರ್?” ಎಂದೆ.

“ಶನಿವಾರ ಪರಿಶೀಲನಾ ಸಮಿತಿ ಇದೆ. ಪಾಳಿಯ ಎಲ್ಲಾ ರೋಗಿಗಳೂ ಸಹಿ ಹಾಕಿದ ಒಂದೇ ಮನವಿ ಶುಕ್ರವಾರ ಮಧ್ಯಾಹ್ನದೊಳಗೆ ಕೊಟ್ಟರೆ ಅಲ್ಲಿ ಇಡ್ತೀನಿ. ಒಬ್ಬರು ಬಿಟ್ಟರೂ ವರ್ಗಕ್ಕೆ ಒಪ್ಪಿಗೆ ಇದೆ ಅಂತಲೇ ಲೆಕ್ಕ.”

ಮೂರು ಸಹಿ. ಅಷ್ಟೇ ತಾನೇ ಅಂದುಕೊಂಡೆ. ದಿನಕ್ಕೆ ಇಪ್ಪತ್ತು ಅರ್ಜಿ ಟೈಪ್ ಮಾಡುವವಳು ನಾನು.

ಬುಧವಾರ ಟೈಪ್ ಮಾಡಿಕೊಂಡು ಹೋದೆ. ಟೈಲರ್ ದೊಡ್ಡಪ್ಪ ಕನ್ನಡಕ ಮೂಗಿಗೇರಿಸಿ ಓದಿದರು.

“ಚೆನ್ನಾಗಿದೆ ಮಗಳೇ. ಆದರೆ ನಾಯಕರಿಗೆ ಒಂದು ಧನ್ಯವಾದಾನೂ ಇಲ್ವಲ್ಲ? ಅವರ ಅನ್ನ ತಿಂದು ಅವರ ಹೆಸರೇ ಎತ್ತದೆ ಕೇಳೋದಾ? ಮೊದಲನೇ ಸಾಲಲ್ಲಿ ಹಾಕು. ಇಲ್ಲದಿದ್ದರೆ ನಾನು ಸಹಿ ಮಾಡಲ್ಲ.”

“ಹಾಕಿದ್ರೆ ನಾನು ಮಾಡಲ್ಲ,” ಎಂದರು ಡ್ರೈವರ್ ಮಾವ. “ಪಾಳಿ ಮುಚ್ಚಿಸಿದ್ದು ಯಾರು? ಈ ಗೋಡೆನಾ? ಅವರೇ. ಅದನ್ನ ಬರಿ. ನಂಗೆ ಈ ದಾರಿ ಗೊತ್ತು ಕಣಮ್ಮ. ಮೊದಲು ಬೆಳಗಿನ ಟ್ರಿಪ್ಪು, ಆಮೇಲೆ ರೂಟು, ಆಮೇಲೆ ಬೀಗ.”

“ಅವರಿಗೆ ಇದು ಗೊತ್ತೇ ಇರಲ್ಲರೀ! ಕೆಳಗಿನ ಅಧಿಕಾರಿಗಳು ಮಾಡಿರ್ತಾರೆ.”

“ಒಳ್ಳೇದಾದ್ರೆ ಅವರು, ಕೆಟ್ಟದಾದ್ರೆ ಗುಮಾಸ್ತ. ಬಹಳ ಅನುಕೂಲ ಬಿಡಿ.”

ನಾನು ಧನ್ಯವಾದವನ್ನು ಕೊನೆಗೆ ಹಾಕುತ್ತೇನೆ ಎಂದೆ, ಒಪ್ಪಲಿಲ್ಲ. ‘ಸರ್ಕಾರ’ ಎಂದು ಹಾಕಿ ಯಾರ ಹೆಸರೂ ಬೇಡ ಎಂದೆ, ಇಬ್ಬರೂ ಒಟ್ಟಿಗೆ ಬೇಡ ಎಂದರು. ಎರಡು ವರ್ಷದಲ್ಲಿ ಅವರು ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಬಿಪಿ ಪಟ್ಟಿ ಉಬ್ಬಿತು. ಈ ಸಲ ನನ್ನದೂ ಏರಿತ್ತು.

ಶುಕ್ರವಾರ ನಾನು ಟೈಪ್ ಮಾಡಿಕೊಂಡು ಹೋಗಲಿಲ್ಲ. ಖಾಲಿ ಹಾಳೆಗಳ ಪ್ಯಾಡು, ಒಂದು ಪೆನ್ನು ಅಷ್ಟೇ. ನನ್ನ ಸೂಜಿ ಎಡಗೈಗೆ. ಬಲಗೈ ಬಿಡುವಾಗಿರುತ್ತದೆ.

ಏಳೂವರೆಗೆ ಪ್ಯಾಡನ್ನು ತೊಡೆಯ ಮೇಲಿಟ್ಟುಕೊಂಡೆ. ನಾಲ್ಕನೆಯ ಕುರ್ಚಿ ಖಾಲಿ. ಅಲ್ಲಿ ಕೂರುತ್ತಿದ್ದ ಅಂಗನವಾಡಿ ಟೀಚರ್ ಎರಡು ತಿಂಗಳ ಹಿಂದೆ ತೀರಿಕೊಂಡರು. ಅವರು ಇದ್ದಾಗ ಎರಡು ಕಡೆಯವರಿಗೂ “ಸಾಕು ಮಕ್ಕಳೇ” ಎನ್ನುತ್ತಿದ್ದರು.

“ಇವತ್ತು ಕೊನೇ ದಿನ,” ಎಂದೆ. “ನೀವಿಬ್ಬರೂ ಸಹಿ ಹಾಕದಿದ್ದರೆ ನನ್ನ ಕೆಲಸ ಹೋಗುತ್ತೆ. ಬೇರೆ ಏನೂ ಅಲ್ಲ. ನಿಮ್ಮ ನಾಯಕರೂ ಗೆಲ್ಲಲ್ಲ, ನಿಮ್ಮ ವಿರೋಧಾನೂ ಗೆಲ್ಲಲ್ಲ. ನಾನು ಮನೇಲಿ ಕೂರ್ತೀನಿ.”

ಡ್ರೈವರ್ ಮಾವ ಕೆಮ್ಮಿದರು. “ನನ್ನದೇನಮ್ಮ ತಕರಾರು? ಇವರನ್ನ ಕೇಳು. ಈ ಮನುಷ್ಯನ ಬಾಯಲ್ಲಿ ನಾಯಕರ ಬಗ್ಗೆ ಒಂದೇ ಒಂದು ತಪ್ಪು ಹೇಳಿಸು, ನೋಡೋಣ.”

“ಇವರ ಬಾಯಲ್ಲಿ ಒಂದು ಒಳ್ಳೇ ಮಾತು ಹೇಳಿಸು, ನೋಡೋಣ.”

“ನೀವು ಹೇಳಿದ್ರೆ ನಾನೂ ಹೇಳ್ತೀನಿ.”

“ಮೊದಲು ನೀವು ಹೇಳಿ.”

“ಸರಿ,” ಎಂದೆ. ಪೆನ್ನಿನ ಕ್ಯಾಪು ತೆಗೆದೆ. “ಧನ್ಯವಾದ ಬರೆಸೋದು ಡ್ರೈವರ್ ಮಾವ. ದೂರು ಬರೆಸೋದು ಟೈಲರ್ ದೊಡ್ಡಪ್ಪ. ನಾನು ಒಂದಕ್ಷರ ಬದಲಾಯಿಸಲ್ಲ. ಬೇರೆಯವರು ಹೇಳಿಕೊಡೋ ಹಾಗಿಲ್ಲ.”

ಇಬ್ಬರೂ ಬೆಪ್ಪಾಗಿ ನನ್ನನ್ನು ನೋಡಿದರು. ಮೂಲೆಯಲ್ಲಿ ಟ್ಯೂಬ್ ತೊಳೆಯುತ್ತಿದ್ದ ಟೆಕ್ನಿಷಿಯನ್ ಅಕ್ಕ ನಲ್ಲಿ ನಿಲ್ಲಿಸಿದಳು. “ಇದನ್ನ ನಾನು ನೋಡಲೇಬೇಕು,” ಎಂದು ಸ್ಟೂಲು ಎಳೆದು ಕೂತಳು.

ಮಾತು ಕೊಟ್ಟಾಗಿತ್ತು. ಡ್ರೈವರ್ ಮಾವ ಛಾವಣಿ ನೋಡಿದರು. “ಬರ್ಕೋ. ಈ ಯೋಜನೆ ಇದೆ.”

“ಇದು ಧನ್ಯವಾದಾನಾ?” ಟೈಲರ್ ದೊಡ್ಡಪ್ಪ ಸಿಡುಕಿದರು. “ಬಸ್ಸಿಗೆ ಚಕ್ರ ಇದೆ ಅನ್ನೋ ಹಾಗಿದೆ.”

“ತಡೀರಿ ಸ್ವಾಮಿ, ಗೇರ್ ಬೀಳಬೇಕಲ್ಲ.”

ಆಮೇಲೆ ಅವರು ಯಾರನ್ನೂ ನೋಡದೆ, ನಿಧಾನವಾಗಿ ಹೇಳಿದರು. ನಾನು ಬರೆದದ್ದು ಹೀಗೆ: ‘ನಾನು ಮೂವತ್ತು ವರ್ಷ ಬಸ್ ಓಡಿಸಿದವನು. ಈ ನಾಯಕರಿಗೆ ನಾನು ಮತ ಹಾಕಿಲ್ಲ. ಹಾಕುವುದೂ ಇಲ್ಲ. ಆದರೂ ಎರಡು ವರ್ಷ ನಾಲ್ಕು ತಿಂಗಳಿಂದ ಈ ಮೆಷಿನ್ ನನ್ನ ರಕ್ತ ತೊಳೆಯುತ್ತಿದೆ. ಯಾರಿಗೆ ಮತ ಹಾಕಿದೆ ಎಂದು ಒಂದು ದಿನವೂ ಇಲ್ಲಿ ನನ್ನನ್ನು ಕೇಳಿಲ್ಲ. ಇದು ಬರುವ ಮೊದಲು ನನ್ನ ಹೆಂಡತಿ ರಾತ್ರಿ ಎದ್ದು ನನ್ನ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದಳು. ಈಗ ನಿದ್ದೆ ಮಾಡುತ್ತಾಳೆ. ಅದಕ್ಕೆ ನಾಯಕರಿಗೆ ಧನ್ಯವಾದ.’

“ಅಷ್ಟೇ,” ಎಂದರು. “ಇನ್ನು ಒಂದಕ್ಷರ ಕೊಡಲ್ಲ.”

ಟೈಲರ್ ದೊಡ್ಡಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಈಗ ನೀವು.”

“ಗೊತ್ತು ಗೊತ್ತು.”

ಅವರ ಬಿಪಿ ಪಟ್ಟಿ ಒಂದು ಸಲ ಉಬ್ಬಿ ಇಳಿಯಿತು. ಇನ್ನೊಂದು ಸಲ ಉಬ್ಬಿ ಇಳಿಯಿತು. ಬಾಯಿ ತೆರೆಯುತ್ತಾರೆ, ಮುಚ್ಚುತ್ತಾರೆ. ಗಂಟೆ ಒಂಬತ್ತಾಗುತ್ತಾ ಬಂತು. ಈ ಮನುಷ್ಯನ ಕೈಯಲ್ಲಿ ಆಗುವುದಿಲ್ಲ ಅನ್ನಿಸಿತು. ದೇವರ ಮೇಲೆ ದೂರು ಬರಿ ಅಂದ ಹಾಗಾಗಿದೆ ಅವರಿಗೆ.

“ಬೇಡ ಬಿಡಿ ಟೈಲರ್ರೇ,” ಎಂದರು ಡ್ರೈವರ್ ಮಾವ. ದನಿಯಲ್ಲಿ ಕುಹಕವಿರಲಿಲ್ಲ. “ಕಷ್ಟ ಆದ್ರೆ ಬೇಡ. ನಾನು ಹಾಗೇ ಸಹಿ ಹಾಕ್ತೀನಿ.”

“ನಿಮ್ಮ ಧರ್ಮ ಬೇಡ ನನಗೆ,” ಎಂದರು ದೊಡ್ಡಪ್ಪ. ಆಮೇಲೆ ಖಾಲಿ ಕುರ್ಚಿಯ ಕಡೆ ನೋಡುತ್ತಾ ಬರೆಸಿದರು. ‘ನಾನು ಈ ನಾಯಕರಿಗೆ ಮೂರು ಸಲ ಮತ ಹಾಕಿದ್ದೇನೆ. ಮುಂದೆಯೂ ಹಾಕುತ್ತೇನೆ. ನಮ್ಮ ಪಾಳಿಯಲ್ಲಿ ನಾಲ್ಕು ಜನ ಇದ್ದೆವು. ಒಬ್ಬರು ತೀರಿಕೊಂಡಿದ್ದಕ್ಕೆ ಮೂವರಾದೆವು. ಒಬ್ಬರು ಸತ್ತರು ಎಂದು ಬದುಕಿರುವ ಮೂವರನ್ನು ಊರು ಬಿಡಿಸುವ ಆದೇಶ ಇದು. ಇಲ್ಲಿನ ಪ್ರತಿ ಮೆಷಿನ್ ಮೇಲೂ ನಾಯಕರ ಫೋಟೋ ಇದೆ. ಫೋಟೋ ಇದ್ದ ಮೇಲೆ ಹೊಣೆಯೂ ಅವರದೇ. ನಾನು ಹೊಲಿದ ಅಂಗಿ ಬಿಗಿಯಾದರೆ ಗಿರಾಕಿಯ ಮೈ ಸರಿಯಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ, ಬಿಚ್ಚಿ ಹೊಲಿದುಕೊಟ್ಟಿದ್ದೇನೆ. ಈ ಆದೇಶ ತಪ್ಪು. ಬಿಚ್ಚಿ ಹೊಲಿಯಬೇಕು.’

“ಅಯ್ಯಪ್ಪಾ,” ಎಂದರು ಡ್ರೈವರ್ ಮಾವ. “ಎರಡು ವರ್ಷದಿಂದ ನಾನು ಬೈದಿದ್ದೆಲ್ಲ ದಂಡ.”

“ನಿಮ್ಮದು ಬೈಗುಳ. ಇದು ಮನೆಯವರ ಮಾತು. ಬೇರೆ.”

ಮೂರನೆಯ ಪ್ಯಾರಾ ನಾನು ಬರೆದೆ. ಬೆಳಗಿನ ಪಾಳಿ ಉಳಿದರೆ ದುಡಿಯುವ ವಯಸ್ಸಿನ ರೋಗಿಗಳು ಡಯಾಲಿಸಿಸ್ ಮುಗಿಸಿ ಕೆಲಸಕ್ಕೆ ಹೋಗಬಹುದು, ಸಂಜೆಯ ಪಾಳಿಯಲ್ಲಿ ಅಂಥವರು ಇದ್ದರೆ ಕೇಳಿ ನೋಡಿ, ನಾಲ್ಕನೆಯ ಕುರ್ಚಿ ತಾನಾಗಿ ತುಂಬುತ್ತದೆ ಎಂದು. ಹತ್ತೂಕಾಲಿಗೆ ಸೂಜಿ ತೆಗೆದರು. ಹತ್ತಿಗೆ ಪ್ಲಾಸ್ಟರ್ ಅಂಟಿಸಿದ ಕೂಡಲೇ ಮೂವರೂ ಸಹಿ ಹಾಕಿದೆವು. ಡ್ರೈವರ್ ಮಾವನದು ಬಲಗೈ ಸೂಜಿ. ಸಹಿ ಸೊಟ್ಟಗಾಯಿತು. ಡಾಕ್ಟರ್ ಓದಿ, ನಮ್ಮನ್ನು ಒಮ್ಮೆ ನೋಡಿ, ಮತ್ತೆ ಓದಿದರು.

“ಟೈಪ್ ಮಾಡಿಸಲ್ವಾ?”

“ಬೇಡ ಸರ್,” ಎಂದೆ. “ಟೈಪ್ ಮಾಡಿದ್ದನ್ನ ಯಾರೂ ಪೂರ್ತಿ ಓದಲ್ಲ. ನಾನು ಅದೇ ಕೆಲಸದಲ್ಲಿದ್ದೀನಿ.”

ಉತ್ತರ ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರ ನಾನು ಚೆನ್ನಾಗಿ ನಿದ್ದೆ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಕೊನೆಗೆ ಒಂದು ಬುಧವಾರ ಡಾಕ್ಟರ್ ಮತ್ತೆ ಬೆಳಿಗ್ಗೆಯೇ ಬಂದು ಹೊಸ ಆದೇಶ ಓದಿದರು. ಈ ಕೇಂದ್ರದ ಆರು ಗಂಟೆಯ ಪಾಳಿಯನ್ನು ಸದ್ಯಕ್ಕೆ ಆರು ತಿಂಗಳು ಮುಂದುವರಿಸಬೇಕು. ಸಂಜೆಯ ಪಾಳಿಯಿಂದ ಇಚ್ಛೆಯುಳ್ಳವರನ್ನು ಇಲ್ಲಿಗೆ ಸೇರಿಸಬಹುದು. ಒಬ್ಬ ವೆಲ್ಡರ್ ಆಗಲೇ ಹೆಸರು ಕೊಟ್ಟಿದ್ದಾನಂತೆ, ಸೋಮವಾರದಿಂದ ಬರುತ್ತಾನೆ.

ಆರು ತಿಂಗಳು ಅಂದರೆ ಶಾಶ್ವತ ಅಲ್ಲ. ಆದರೆ ನಾವು ಮೂವರೂ ಎರಡು ದಿನಕ್ಕೊಮ್ಮೆ ಬದುಕುವ ಜನ. ನಮಗೆ ಆರು ತಿಂಗಳು ದೊಡ್ಡದು.

“ನೋಡಿದ್ರಾ?” ಟೈಲರ್ ದೊಡ್ಡಪ್ಪನ ಮುಖ ಅರಳಿತ್ತು. “ಅವರ ಕಿವಿಗೆ ಬಿತ್ತು. ತಿದ್ದಿದರು. ಅದಕ್ಕೇ ನಾಯಕರು ಅನ್ನೋದು.”

“ಕಿವಿಗಲ್ಲರೀ ಬಿದ್ದಿದ್ದು, ಓಟಿಗೆ ಬಿದ್ದಿದ್ದು! ಅವರ ಕಡೆಯವರೇ ತಪ್ಪು ಅಂದಾಗ ಗಾಬರಿ ಆಗಿದ್ದಾರೆ.”

“ನಿಮಗೆ ಒಳ್ಳೇದು ಕಾಣಿಸೋದೇ ಇಲ್ಲ ಅಲ್ವಾ?”

“ಮೊನ್ನೆ ಬರೆಸಿದ್ನಲ್ಲ ಒಂದು ಪ್ಯಾರಾ! ವರ್ಷಕ್ಕೆ ಅಷ್ಟೇ ಕೋಟಾ.”

“ಆ ವೆಲ್ಡರ್ ಯಾರ ಕಡೆಯವನಂತೆ?” ಎಂದು ದೊಡ್ಡಪ್ಪ ಅಕ್ಕನನ್ನು ಕೇಳಿದರು.

“ಕೇಳಬಾರದು ಅಂತ ನೀವೇ ಬರೆಸಿದ್ರಲ್ಲ?”

“ಅದು ಇವರ ಪ್ಯಾರಾ. ನನ್ನದಲ್ಲ.”

ಸೂಜಿ ತೆಗೆದ ಮೇಲೆ ಅಕ್ಕ ನನ್ನ ಕೈಗೆ ಬ್ಯಾಂಡೇಜ್ ಸುತ್ತಿ, ತೂಕ ಬರೆದುಕೊಂಡು ಹೋಗು ಅಂದಳು. ಹೊರಡುತ್ತೇನೆ ಎಂದು ಇಬ್ಬರಿಗೂ ಹೇಳಿದೆ. ವೆಲ್ಡರನನ್ನು ಯಾವ ಕುರ್ಚಿಯಲ್ಲಿ ಕೂರಿಸಬೇಕು, ಅವನು ಯಾರ ಪಕ್ಕ ಬರಬೇಕು ಎಂಬ ಜಗಳ ಶುರುವಾಗಿತ್ತು; ಯಾರಿಗೂ ಕೇಳಿಸಲಿಲ್ಲ. ನಾನು ಮೆಟ್ಟಿಲಿಳಿದು ಹತ್ತೂವರೆಯ ಬಸ್ಸು ಹಿಡಿದೆ. ಅಂಗಡಿ ತಲುಪಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ಬೆಂಚಿನ ಮೇಲೆ ನಾಲ್ಕು ಜನ ಅರ್ಜಿಗೆ ಕಾಯುತ್ತಿದ್ದರು.