ಸರದಿಯ ಪರದೆ

ಪ್ರಾಡಕ್ಟ್ ಮ್ಯಾನೇಜರ್ ಹುದ್ದೆಯ ಸಂದರ್ಶನಕ್ಕೆಂದು ಅವಳು ಮಾಡಿಕೊಟ್ಟ ಯೋಜನೆಯನ್ನು ಕಂಪನಿ ತನ್ನ ಆಸ್ಪತ್ರೆ ಆ್ಯಪ್‌ಗೆ ಹಾಕಿಕೊಂಡಿತು; ಅವಳಿಗೆ ಕೆಲಸ ಮಾತ್ರ ಕೊಡಲಿಲ್ಲ.

ಈಗ ಅದೇ ಕಂಪನಿ ಮತ್ತೆ ಸಂದರ್ಶನಕ್ಕೆ ಕರೆದಿತ್ತು. ಕೆಲಸವಿಲ್ಲದೆ ಅಕ್ಕನ ಮನೆ ಸೇರಿದ್ದವಳಿಗೆ ಭಾವ ಊಟದ ಮೇಜಿನ ಬಳಿಯೇ ತಯಾರಿ ಮಾಡಿಸುತ್ತಿದ್ದರು. ಸಂದರ್ಶಕರ ಗತ್ತಿನಲ್ಲಿ ಕೇಳಿದರು: "ನಮ್ಮ ಆ್ಯಪ್‌ನಲ್ಲಿ ನಿಮಗೆ ಹಿಡಿಸಿದ್ದೇನು?"

"ರೋಗಿಗಳ ಸರದಿ ತೋರಿಸೋ ಪರದೆ. ಅದು ನಂದೇ."

"ಅಯ್ಯೋ ತಾಯಿ, ಹಾಗಂದ್ರೆ ಬಾಗಿಲಲ್ಲೇ ಕೈ ಮುಗೀತಾರೆ! 'ಎಷ್ಟು ಚೆನ್ನಾಗಿ ಯೋಚಿಸಿದ್ದೀರಿ' ಅನ್ನು. ನಗ್ತಾ ಅನ್ನು."

"ಕದ್ದೋರ ಬೆನ್ನು ತಟ್ಟಬೇಕಾ?"

"ಗಾಳಿ ಬಂದಾಗ ತೂರಿಕೋಬೇಕು ಕಣಮ್ಮಾ."

"ತೂರಿದ್ದು ನಾನು ಭಾವ. ಕಾಳು ಹೊತ್ಕೊಂಡು ಹೋದೋರು ಅವರು."

ಭಾವ ನಿಟ್ಟುಸಿರಿಟ್ಟರು. "ಕೆಲಸ ಬೇಕು ತಾನೇ? ಇನ್ನೊಂದ್ಸಲ ಹೇಳು. ಹಿಡಿಸಿದ್ದೇನು?"

"ನನ್ನ ಪರದೆ," ಎಂದಳು ಅವಳು. ನಗಲಿಲ್ಲ. "ನಾಳೆ ಅಲ್ಲೂ ಇದನ್ನೇ ಹೇಳ್ತೀನಿ."